ಬೂದು ಬಣ್ಣದ ತಾಲ್ಲೂಕುಗಳು

ತುಮಕೂರು ರೈಲ್ವೆ ಸ್ಟೇಷನ್ನಿನ ಎದುರು ಕಾರು ನಿಲ್ಲಿಸಿಕೊಂಡು ಸಹನಾ ಮೇಡಂಗಾಗಿ ಕಾಯುತ್ತಿದ್ದ ವಾಸಿಫ್‌ಗೆ, ಇವತ್ತು ಹೇಳಬೇಕಾದ ಮಾತನ್ನು ತಾನು ಯಾರಿಗೂ ಹೇಳುವುದಿಲ್ಲ ಎಂಬುದು ಆಗಲೇ ಖಾತ್ರಿಯಾಗಿಬಿಟ್ಟಿತ್ತು. ಹೇಳಬೇಕಾದ್ದು ದೊಡ್ಡದೇನಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಡಾಕ್ಟರುಗಳಿಗೆ, ಇನ್ನು ಮುಂದೆ ನಾನು ಬರುವುದಿಲ್ಲ, ಏನಿದ್ದರೂ ಫೋನಿನಲ್ಲಿ, ಎಂದು ಹೇಳಬೇಕು, ಅಷ್ಟೇ. ಹಾಗೆಂದು ತೀರ್ಮಾನಿಸಿದವನೂ ಅವನೇ. ಹೋದ ತಿಂಗಳು ಶಿರಾದ ಮನೆಯ ಹಜಾರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಜಿಲ್ಲೆಯ ನಕ್ಷೆಗೆ ಬಣ್ಣ ತುಂಬಿದ್ದ. ಯಾವ ಊರಲ್ಲಿ ಯಾವ ಡಾಕ್ಟರಿದ್ದಾರೆ, ಅವರ ಮಾತಿಗೆ ಬೇರೆ ಡಾಕ್ಟರುಗಳು ಕಿವಿಗೊಡುತ್ತಾರೋ ಇಲ್ಲವೋ, ಅವರ ಮುಂದೆ ಕೂರಲು ಎಷ್ಟು ದಾರಿ ಸವೆಸಬೇಕು ಎಂದೆಲ್ಲ ತೂಗಿ ನೋಡಿ, ದೊಡ್ಡ ಆಸ್ಪತ್ರೆಗಳಿರುವ ತುಮಕೂರಿಗೆ ಹಸಿರು, ತಿಪಟೂರಿಗೆ ಹಳದಿ, ಈ ನಾಲ್ಕಕ್ಕೆ ಬೂದು. ಬೂದು ಎಂದರೆ ಫೋನು ಮಾತ್ರ. ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅವೆಲ್ಲ ನಿಜವೇ ಆಗಿದ್ದವು. ಬರೆಯದೆ ಉಳಿದ ಕಾರಣವೊಂದಿತ್ತು: ಅವನಿಗೆ ಸುಸ್ತಾಗಿತ್ತು.

ಅವನು ಔಷಧ ಕಂಪನಿಯವನು, ಆದರೆ ಔಷಧ ಮಾರುವವನಲ್ಲ. ಈ ವ್ಯತ್ಯಾಸವನ್ನು ವಿವರಿಸುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಔಷಧಶಾಸ್ತ್ರದಲ್ಲಿ ಫಾರ್ಮ್ ಡಿ ಓದಿ, ಮೆಡಿಕಲ್ ಸೈನ್ಸ್ ಲೈಸನ್ ಎಂಬ ಹುದ್ದೆಗೆ ಸೇರಿದ್ದ. ಹೊಸ ಸಂಶೋಧನೆ ಏನು ಹೇಳುತ್ತದೆ ಎಂದು ಡಾಕ್ಟರುಗಳಿಗೆ ತಿಳಿಸಬೇಕು, ಅವರ ಪ್ರಶ್ನೆಗಳನ್ನು ಕಂಪನಿಗೆ ಮುಟ್ಟಿಸಬೇಕು. ಇಂಥದನ್ನು ಬರೆದುಕೊಡಿ ಎಂದು ಕೇಳುವಂತಿಲ್ಲ. ರೋಗಿಗಳ ಜೊತೆಯಂತೂ ಔಷಧದ ಮಾತೇ ಆಡುವಂತಿಲ್ಲ. ಕಾಗದದ ಮೇಲೆ ಘನವಾದ ಕೆಲಸ. ಪಾವಗಡದ ಕ್ಲಿನಿಕ್ಕೊಂದರಲ್ಲಿ ಕಸ ಗುಡಿಸುವ ಪೆದ್ದಮ್ಮ ಮಾತ್ರ ಅವನ ಟೈ ನೋಡಿದ ಕೂಡಲೇ ಪೊರಕೆ ಎತ್ತಿ, 'ರೆಪ್ಪುಲು ಸಾಯಂತ್ರಂ ರಂಡಿ', ಔಷಧ ಮಾರುವ ರೆಪ್ಪುಗಳು ಸಂಜೆ ಬನ್ನಿ, ಎಂದು ತೆಲುಗಿನಲ್ಲಿ ಗದರಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ತಲೆಯೆತ್ತಿ ನೋಡಿದ್ದರು. ನಾನು ರೆಪ್ ಅಲ್ಲಮ್ಮ ಎಂದು ಯಾವ ಭಾಷೆಯಲ್ಲಿ ಹೇಳುವುದು? ಅವನು ಸಂಜೆಯವರೆಗೂ ಕೋಟೆ ಬೆಟ್ಟದ ನೆರಳು ಹುಡುಕಿಕೊಂಡು ಕಾರಿನಲ್ಲೇ ಕೂತಿದ್ದ. ಅದೇ ವಾರ ಶಿರಾದ ಮನೆಗೆ ಬಂದರೆ ಅಮ್ಮಿ ಗೇಟಿಗೆ ಹೊಸ ಬೋರ್ಡು ಹಾಕಿಸಿದ್ದಳು, ಡಾ. ವಾಸಿಫ್ ಎಂದು. ಓದಿದ ಓದಿಗೆ ಆ 'ಡಾ.' ಹಾಕಿಕೊಳ್ಳಬಹುದೆಂದು ಕಾಲೇಜಿನಲ್ಲಿ ಹೇಳಿದ್ದು ನಿಜ. ಬೀದಿಯವರು ಅದನ್ನು ಓದುವ ರೀತಿ ಬೇರೆ ಎಂಬುದೂ ನಿಜ. ಒಂದು ದಿನ ಕೂರಿಸಿಕೊಂಡು ಹೇಳಿದರಾಯಿತು ಎಂದುಕೊಂಡವನು, ಪೆದ್ದಮ್ಮನ ಪೊರಕೆ ನೆನಪಾದಾಗಲೆಲ್ಲ ಆ ಬೋರ್ಡು ಅಲ್ಲಿದ್ದರೆ ಇರಲಿ ಎಂದು ಸುಮ್ಮನಾಗುತ್ತಿದ್ದ.

ಸಹನಾ ಮೇಡಂ ಕುತ್ತಿಗೆಗೆ ಬೆಲ್ಟು ಕಟ್ಟಿಕೊಂಡೇ ರೈಲಿನಿಂದ ಇಳಿದು ಬಂದರು. ಅವನ ಮೇಲಧಿಕಾರಿ, ನಲವತ್ತೈದು ದಾಟಿದ ಹೆಂಗಸು, ಇಡೀ ರಾಜ್ಯ ಸುತ್ತಿ ಸುತ್ತಿ ಕತ್ತು ಸವೆದಿದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಾರಿನಲ್ಲಿ ಕೂತವರೇ ಚಪ್ಪಲಿ ಬಿಚ್ಚಿ, 'ನಿಮ್ಮ ಪ್ಲಾನ್ ಓದಿದೆ ವಾಸಿಫ್. ಚೆನ್ನಾಗಿದೆ. ಆದರೂ ನಾಲ್ಕು ತಾಲ್ಲೂಕು ಒಟ್ಟಿಗೆ ಬಿಡೋ ಮುಂಚೆ ಒಂದು ಸಲ ಕಣ್ಣಲ್ಲಿ ನೋಡಿಬಿಡೋಣ ಅಂತ ಬಂದೆ,' ಎಂದರು. ಶಿರಾ, ಅಲ್ಲಿಂದ ದೊಡ್ಡೇರಿ ಮೇಲೆ ಮಧುಗಿರಿ, ಪಾವಗಡ, ಬರುವಾಗ ಕೊರಟಗೆರೆ. ಹೆದ್ದಾರಿಯುದ್ದಕ್ಕೂ ಅವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳಿದರು: ಅಲ್ಲಿ ಯಾರ ಮಾತು ನಡೆಯುತ್ತೆ?

ಶಿರಾದಲ್ಲಿ ಡಾಕ್ಟರ್ ಶಂಕರಲಿಂಗಪ್ಪನವರು ಅವರಿಬ್ಬರನ್ನೂ ರೋಗಿಗಳ ಮಧ್ಯೆ ಬಹಳ ಹೊತ್ತು ಕೂರಿಸಿ, ಕೊನೆಗೆ ಕರೆದರು. ಅರವತ್ತೈದರ ಮನುಷ್ಯ, ಹಣೆಯ ಮೇಲೆ ವಿಭೂತಿ ಅಳಿಸಿಹೋಗಿ ಒಂದು ಗೆರೆ ಉಳಿದಿತ್ತು. ಅವರದೇ ಪುಟ್ಟ ನರ್ಸಿಂಗ್ ಹೋಮು. ಸಹನಾ ಅದೇ ಪ್ರಶ್ನೆ ಕೇಳಿದಾಗ ಅವರು ನಕ್ಕು, 'ನನ್ನ ಮಾತಂತೂ ನಡೆಯಲ್ಲಮ್ಮ. ನಾನು ಬರ್ಕೊಟ್ಟ ಮಾತ್ರೇನ ಮನೆಗೆ ಹೋಗಿ ಪಕ್ಕದ್ಮನೆಯೋರ್‍ನ ಕೇಳಿ ನುಂಗ್ತಾರೆ,' ಎಂದರು. ವಾಸಿಫ್ ಹೋದ ಸಲ ಕೊಟ್ಟುಹೋಗಿದ್ದ ಸಂಶೋಧನಾ ಪ್ರಬಂಧ ಅವರ ಮೇಜಿನ ಮೇಲೇ ಇತ್ತು; ಎದೆಬಡಿತ ಏರುಪೇರಾಗುವವರಿಗೆ ಹಳೆಯ ರಕ್ತ ತೆಳು ಮಾಡುವ ಮಾತ್ರೆಗಿಂತ ಕಂಪನಿಯ ಹೊಸ ಮಾತ್ರೆಯಲ್ಲಿ ರಕ್ತಸ್ರಾವ ಕಡಿಮೆ ಎಂಬುದು ಅದರ ಸಾರ. ಎರಡು ಕಡೆ ಅಡಿಗೆರೆ ಎಳೆದಿದ್ದರು. ಇದರ ಬಗ್ಗೆ ಮುಂದಿನ ಸಲ ಮಾತಾಡೋಣ ಅಂದರು. ಮುಂದಿನ ಸಲ ಇಲ್ಲ ಸರ್ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ವಾಸಿಫ್ 'ಆಯ್ತು ಸರ್' ಎಂದ. ಸಹನಾ ಅವನ ಕಡೆ ನೋಡಲಿಲ್ಲ. ಅದೂ ನೋಡಿದಂತೆಯೇ ಆಯಿತು.

ಹೊರಗೆ ಬಂದ ಮೇಲೆ ಸಹನಾ, ಇಲ್ಲೆಲ್ಲಾದರೂ ಬಾತ್‌ರೂಮ್ ಸಿಗುತ್ತಾ ಎಂದು ಸಂಕೋಚದಿಂದ ಕೇಳಿದಾಗ, ಮನೆಗೇ ಕರೆದೊಯ್ಯದೆ ವಿಧಿಯಿರಲಿಲ್ಲ. ಅಮ್ಮಿ, ಬದರುನ್ನೀಸಾ, ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡಳು. 'ನಮ್ಮ ವಾಸಿಫ್‌ಗೆ ನೀವೇ ಮೇಡಮ್ಮಾ? ಬನ್ನಿ ತಾಯಿ, ಬಿಸಿಲಲ್ಲಿ ಬಂದ್ಬುಟ್ಟಿದ್ದೀರಾ.' ಬೇಡವೆಂದರೂ ಕೇಳದೆ ಅನ್ನ, ದಾಲ್ಚಾ ಬಡಿಸಿದಳು. ಉಣ್ಣುತ್ತಿರುವಾಗಲೇ ಬೀದಿಗೆ ಸುದ್ದಿಯಾಗಿ, ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದರು. ಬಾಷಾ ಸಾಬ್ ಸಕ್ಕರೆ ಕಾಯಿಲೆಯ ರಿಪೋರ್ಟು ಹಿಡಿದು ಬಂದಿದ್ದ. ಇನ್ಯಾರೋ ಮೊಣಕಾಲು ತೋರಿಸಿದರು. 'ಡಾಕ್ಟರ್‌ಗಳಿಗೇ ಪಾಠ ಹೇಳೋ ಡಾಕ್ಟ್ರು ಕಣಮ್ಮ ನಮ್ಮುಡುಗ,' ಎಂದು ಅಮ್ಮಿ ಸಹನಾಗೆ ಹೇಳುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ನೋಡಲಾರದೆ ವಾಸಿಫ್ ತಟ್ಟೆಯಲ್ಲಿ ಬೆರಳಾಡಿಸಿದ. ಅನ್ನದ ಅಗುಳುಗಳು ಇದ್ದಕ್ಕಿದ್ದಂತೆ ಬಹಳ ಸ್ಪಷ್ಟವಾಗಿ, ಒಂದೊಂದೇ ಕಾಣಿಸಿದವು. ಮೇಡಂ ಏನು ಯೋಚಿಸುತ್ತಿರಬಹುದು? ಅವರ ಕಿವಿಯೋಲೆ ಅಲುಗುತ್ತಿಲ್ಲ. ಅವರು ಅಗಿಯುವುದನ್ನು ನಿಲ್ಲಿಸಿದ್ದಾರೆಯೇ? ಎಲ್ಲರಿಗೂ ಅವನು ಒಂದೇ ಮಾತು ಹೇಳಿದ: 'ನಿಮ್ಮನ್ನ ನೋಡ್ತಿರೋ ಡಾಕ್ಟರನ್ನೇ ಕೇಳಿ.' ಕಂಪನಿಯ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ ವಾಕ್ಯ ಅದು.

ಕೊನೆಯಲ್ಲಿ ಪಕ್ಕದ ಮನೆಯ ನಾಹಿದಾ ಬಂದಳು. ಅಲ್ಯೂಮಿನಿಯಂ ಕಿಟಕಿ ಮಾಡುವ ಮುಬಶ್ಶಿರ್‌ನ ಹೆಂಡತಿ, ಮೂವತ್ತು ತುಂಬಿರದ ಹೆಂಗಸು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹೃದಯದ ಕವಾಟ ಬದಲಿಸಿ ಲೋಹದ್ದು ಹಾಕಿದ್ದರು. ಎರಡು ಮೆಟ್ಟಿಲು ಹತ್ತಿದ್ದಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. 'ಏನೂ ಕೇಳಕ್ಕೆ ಬಂದಿಲ್ಲ ಭಾಯಿ. ನಿಮಗೆ ದುವಾ ಹೇಳಕ್ಕೆ ಬಂದೆ. ಮೊದ್ಲು ಎದೇಲಿ ಗಡಿಯಾರದಂಗೆ ಟಿಕ್ ಟಿಕ್ ಅಂತಿತ್ತು, ಇವರು ನಿದ್ದೆ ಬರಲ್ಲ ಅಂತ ಬೈಯೋರು. ಈಗ ಪೂರಾ ಗಪ್‌ಚುಪ್. ಮೈಮೇಲೆ ನೀಲಿಗಟ್ಟೋದೂ ನಿಂತೈತೆ.' ಅಮ್ಮಿ ಹೆಮ್ಮೆಯಿಂದ, 'ನೀನು ಹೇಳ್ದಂಗೇ ಮಾಡ್ತಾವ್ಳೆ ಬೇಟಾ,' ಎಂದಳು. ವಾಸಿಫ್‌ನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಮಾತ್ರ, ಅದೂ ಸಹನಾರ ಕಿವಿಯ ಮೂಲಕ. ಮುಖ ಸುಟ್ಟಂತಾಯಿತು. 'ನಿಮ್ಮನ್ನ ನೋಡ್ತಿರೋ ಡಾಕ್ಟರನ್ನೇ ಕೇಳಿ,' ಎಂದು ಒಪ್ಪಿಸಿ, ಕೈ ತೊಳೆದು, ಮೇಡಂ ಹೊತ್ತಾಯ್ತು ಎಂದು ಎದ್ದುಬಿಟ್ಟ.

ಕಾರು ಊರು ದಾಟಿತು. ಆಮೇಲೆ ಸಹನಾ ಮೆಲ್ಲಗೆ, 'ಆಕೆಗೆ ನೀವು ಏನು ಹೇಳಿದ್ರಿ?' ಎಂದರು. 'ಏನೂ ಇಲ್ಲ ಮೇಡಂ. ಅಮ್ಮಿ ಏನೋ ಹೇಳಿರ್ತಾರೆ.' 'ನೀವು ಯಾರ ಮಾತು ನಡೆಯುತ್ತೆ ಅಂತ ನಕ್ಷೇಲಿ ಹುಡುಕ್ತಾ ಇದ್ರಿ,' ಎಂದು ಅವರು ಕಿಟಕಿಯಾಚೆ ನೋಡಿದರು. ಹಂಗಿಸಿದರೋ, ದಣಿವಿನಲ್ಲಿ ಬಂದ ಮಾತೋ ತಿಳಿಯಲಿಲ್ಲ. ಹುರುಳಿ ಕಿತ್ತ ಹೊಲಗಳು, ಹುಣಸೆಮರಗಳು, ರಸ್ತೆಬದಿಯ ಬಂಡೆಗಳು ಹಿಂದಕ್ಕೆ ಸರಿಯುತ್ತಿದ್ದವು. ಇದೇ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೆ ಎಂದುಕೊಂಡರೆ ಹೋದದ್ದೆಲ್ಲ ಸೇರಿ ಒಂದೇ ಪ್ರಯಾಣದಂತೆ, ಅದು ಇನ್ನೂ ಮುಗಿಯದಂತೆ ಅನಿಸಿತು. ಶುಕ್ರವಾರಗಳಲ್ಲಿ ಗೊರವನಹಳ್ಳಿಯ ಗುಡಿಗೆ ಹೋಗುವ ಬಸ್ಸುಗಳ ಹಿಂದೆ ಸಿಕ್ಕಿಕೊಂಡು, ಕೊರಟಗೆರೆ ತಲುಪುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿರುತ್ತಿದ್ದ ಸಂಜೆಗಳು. ಬೂದು ಬಣ್ಣ ಹಚ್ಚಿದ್ದರಲ್ಲಿ ತಪ್ಪೇನು? ದಣಿದವನು ಕೂರಬಾರದೇ? ದೊಡ್ಡೇರಿ ಹತ್ತಿರವಾದಾಗ ಸಹನಾ ಟೀ ಕುಡಿಯೋಣವೆಂದರು. ಅಂಗಡಿಯ ಕಡೆ ತಿರುಗಲು ವಾಸಿಫ್ ಇಂಡಿಕೇಟರ್ ಹಾಕಿದ. ಟಿಕ್ ಟಿಕ್ ಟಿಕ್ ಎಂದಿತು. ಕಾರು ಪಕ್ಕಕ್ಕೆ ನಿಂತಿತು, ಸದ್ದು ನಿಂತಿತು.

ಆ ನಿಶ್ಶಬ್ದದಲ್ಲಿ ಅವನು ಸ್ಟೇರಿಂಗ್ ಹಿಡಿದುಕೊಂಡೇ ಕೂತ. ಈಗ ಪೂರಾ ಗಪ್‌ಚುಪ್. ಲೋಹದ ಕವಾಟ ತೆರೆದು ಮುಚ್ಚುವಾಗ ಸದ್ದು ಮಾಡಲೇಬೇಕು. ಸದ್ದು ಅಡಗಿತೆಂದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತಿರಬಹುದು. ಇದನ್ನು ಅವನು ಪರೀಕ್ಷೆಗೆ ಓದಿದ್ದ, ನಂತರ ಇತರರಿಗೆ ಹೇಳಿಯೂ ಇದ್ದ. ಅವಳು ಚೌಕಟ್ಟು ಹಿಡಿದು ನಿಂತದ್ದು, ಮಾತಿನ ಮಧ್ಯೆ ಉಸಿರೆಳೆದುಕೊಂಡದ್ದು ಎಲ್ಲವನ್ನೂ ಕಣ್ಣು ನೋಡಿತ್ತು. ನೋಡಿದ್ದನ್ನು ಅವನು ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರ ಮೈ ಸಣ್ಣ ಪೆಟ್ಟಿಗೂ ನೀಲಿಗಟ್ಟುತ್ತದೆ; ನೀಲಿಗಟ್ಟೋದೂ ನಿಂತೈತೆ ಎಂದರೆ ಅವಳು ಮಾತ್ರೆ ಕಡಿಮೆ ಮಾಡಿದ್ದಾಳೆ. 'ಮೇಡಂ, ಆಕೆ ರಕ್ತ ತೆಳು ಮಾಡೋ ಮಾತ್ರೆ ಕಡಿಮೆ ಮಾಡಿದಾರೆ ಅನಿಸುತ್ತೆ. ವಾಲ್ವ್ ಕಟ್ಕೊಳ್ತಾ ಇದೆ.' ಸಹನಾ ಕುತ್ತಿಗೆಯ ಬೆಲ್ಟು ಬಿಚ್ಚಿ ಅವನ ಕಡೆ ಪೂರ್ತಿ ತಿರುಗಿದರು. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. 'ತಿರುಗಿಸಿ,' ಎಂದರು. ಸ್ವಲ್ಪ ದೂರ ಬಂದ ಮೇಲೆ, 'ನಾನು ಇದನ್ನೆಲ್ಲ ಕಂಪನಿಗೆ ಬರೆದು ಕಳಿಸಬೇಕಾಗುತ್ತೆ ವಾಸಿಫ್. ಗೊತ್ತಲ್ಲ?' ಎಂದರು. 'ಗೊತ್ತು ಮೇಡಂ.' ಮುಬಶ್ಶಿರ್ ಫೋನ್ ಎತ್ತಲಿಲ್ಲ. ಅಂಗಡಿಯ ಕಟಿಂಗ್ ಮಿಷನ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಅಮ್ಮಿ ಎತ್ತಿ, 'ಚೆನ್ನಾಗೇ ಅವ್ಳೆ ಕಣೋ, ಇಲ್ಲೇ ಬೆಳ್ಳುಳ್ಳಿ ಬಿಡಿಸ್ತಾವ್ಳೆ,' ಎಂದಳು.

ಅವನು ಒಳಗೆ ಬಂದದ್ದನ್ನು ಕಂಡು ನಾಹಿದಾ ನಕ್ಕು, 'ಏನ್ ಮರ್ತೋದ್ರಿ ಭಾಯಿ?' ಎಂದಳು. ನಗು ಕೆಮ್ಮಿಗೆ ತಿರುಗಿತು. ಅವನು ಎಲ್ಲರನ್ನೂ ಸುಮ್ಮನಿರಲು ಹೇಳಿ, ಅಮ್ಮಿಯ ಕಡೆ ನೋಡಿ, 'ಅವಳ ಎದೆಗೆ ಕಿವಿ ಇಟ್ಟು ಕೇಳು,' ಎಂದ. ಅಮ್ಮಿ ಗಾಬರಿಯಿಂದ ನೆಲಕ್ಕೆ ಕೂತು, ನಾಹಿದಾಳನ್ನು ತಬ್ಬಿದಂತೆ ಹಿಡಿದು ಕಿವಿ ಇಟ್ಟಳು. ಹೊರಗೆ ಯಾರದೋ ಬೈಕು ಹೋಯಿತು. 'ಉಸಿರು ಗೊರಗೊರ ಅಂತೈತೆ ಬೇಟಾ. ಟಿಕ್ ಟಿಕ್ ಇಲ್ಲ.' ಮುಬಶ್ಶಿರ್‌ನನ್ನು ಅಂಗಡಿಯಿಂದ ಕರೆತರಲು ಸಹನಾ ಬೀದಿಯವರನ್ನು ದಾರಿ ಕೇಳಿಕೊಂಡು ತಾವೇ ಓಡಿದರು.

ನರ್ಸಿಂಗ್ ಹೋಮಿನಲ್ಲಿ ಶಂಕರಲಿಂಗಪ್ಪನವರು ನಾಹಿದಾಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಆಲಿಸಿದರು. ಬೆಂಗಳೂರಿಗೆ ಫೋನ್ ಮಾಡಿದರು, ಆಂಬುಲೆನ್ಸ್‌ಗೆ ಹೇಳಿದರು, ಇಂಜೆಕ್ಷನ್ ಕೊಡಿಸಿದರು, ಮಾತ್ರೆ ಹೇಗೆ ನುಂಗುತ್ತಿದ್ದಳೆಂದು ಕೇಳಿಕೊಂಡರು. ಎಲ್ಲ ಆದ ಮೇಲೆ ಕನ್ನಡಕ ತೆಗೆದು, 'ಮಾತ್ರೆ ಅರ್ಧ ಮಾಡು ಅಂತ ಯಾರು ಹೇಳಿದ್ದು?' ಎಂದರು. ಮುಬಶ್ಶಿರ್, ಕೈತುಂಬ ಅಲ್ಯೂಮಿನಿಯಂ ಪುಡಿ ಮೆತ್ತಿಕೊಂಡಿದ್ದವನು, ದೂರುವ ದನಿಯೇ ಇಲ್ಲದೆ, ದಾರಿ ತೋರಿಸುವವನಂತೆ ವಾಸಿಫ್ ಕಡೆ ಕೈ ಮಾಡಿ, 'ಇವರೇ ಸಾರ್. ನಮ್ಮ ಡಾಕ್ಟ್ರು,' ಎಂದ. ವಾಸಿಫ್ ಅಮ್ಮಿಯನ್ನು ನೋಡಿದ. ಅವಳು ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಗೋಡೆಗೆ ಒರಗಿದ್ದಳು. ಈಗ ಹೇಳುತ್ತಾಳೆ ಎಂದು ಕಾದ. ಹಳೇ ಮಾತ್ರೆ, ಹೊಸ ಮಾತ್ರೆ ಎಂದು ಫೋನಿನಲ್ಲಿ ಮಗ ಡಾಕ್ಟರುಗಳ ಜೊತೆ ಗಟ್ಟಿಯಾಗಿ ಆಡುತ್ತಿದ್ದುದನ್ನು ಕೇಳಿಸಿಕೊಂಡು ನಾನೇ ಹೇಳಿದೆ ಅನ್ನುತ್ತಾಳೆ. ಅವಳು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅಳುಕಿರಲಿಲ್ಲ, ಮಗ ಇದನ್ನು ಬಿಡಿಸಿ ಹೇಳುತ್ತಾನೆ ಎಂಬ ಭರವಸೆಯಿತ್ತು. ಆಗ ಹಜಾರದ ಆ ಮಧ್ಯಾಹ್ನ ನೆನಪಾಯಿತು. ಪಾವಗಡದ ಮೇಲೆ ಬಣ್ಣ ಕೂರುತ್ತಿರಲಿಲ್ಲ, ಗಡಿಗೆರೆ ಆಂಧ್ರದೊಳಕ್ಕೆ ಹೊಕ್ಕು ಹೊರಬರುತ್ತಿತ್ತು. ಅಮ್ಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಏನೋ ಕೇಳಿದ್ದಳು. ಇಯರ್‌ಫೋನಿನ ಆಚೆಯಿಂದ ತುಂಡು ತುಂಡಾಗಿ ಬಂದಿತ್ತು: ಆ ಹಳೇ ಮಾತ್ರೆ... ರಕ್ತ ಜಾಸ್ತಿ ಹೋಗ್ತದಂತಲ್ಲ... ನಾಹಿದಾ ಕೇಳ್ತಾವ್ಳೆ, ಕಮ್ಮಿ ಮಾಡ್ಲಾ ಅಂತ. ಅವನು ಪರದೆಯಿಂದ ಕಣ್ಣು ಕೀಳದೆ 'ಹ್ಞೂಂ' ಅಂದಿದ್ದ. ಅವಳು ಬೇಗ ಹೋಗಲಿ ಎಂದು ಅಂದದ್ದು. ಬಾಗಿಲು ಖಾಲಿಯಾದ ಮೇಲೆ ನಾಲ್ಕು ತಾಲ್ಲೂಕುಗಳೂ ಒಂದೊಂದಾಗಿ ಬೂದಾಗಿದ್ದವು.

'ನಾನೇ ಸರ್,' ಎಂದ ವಾಸಿಫ್.

ಸಹನಾ ಬಾಗಿಲ ಬಳಿ ನಿಂತಿದ್ದರು. ಶಂಕರಲಿಂಗಪ್ಪ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. 'ನೀನು ಕೊಟ್ಟ ಪೇಪರ್ ನಾನೂ ಓದಿದೀನಿ. ಅದರಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡೋರು ಒಬ್ಬರೂ ಇಲ್ಲ. ಇವರಿಗೆ ಆ ಹಳೇ ಮಾತ್ರೆನೇ ಜೀವ. ನಿನಗೆ ಗೊತ್ತಿತ್ತಲ್ಲಯ್ಯಾ?' 'ಗೊತ್ತಿತ್ತು ಸರ್.' ಆಂಬುಲೆನ್ಸ್ ಬಂತು. ನಾಹಿದಾಳನ್ನು ಎತ್ತುವಾಗ ಅವಳು ಮುಖದ ಮಾಸ್ಕ್ ಸರಿಸಿ, ಬೆಳ್ಳುಳ್ಳಿ ಅರ್ಧಕ್ಕೇ ಬಿಟ್ಟೆ ಎಂದು ಅಮ್ಮಿಗೆ ಹೇಳಿದಳು. ಸಹನಾ ತುಮಕೂರಿನ ಬಸ್ಸು ಹತ್ತಿದರು. ಹತ್ತುವ ಮುಂಚೆ ಅವನ ತೋಳನ್ನು ಮುಟ್ಟಿ ಏನೋ ಹೇಳಹೊರಟು, ಕಂಡಕ್ಟರ್ ಕೂಗಿದ್ದಕ್ಕೆ ಹಾಗೇ ಹತ್ತಿಬಿಟ್ಟರು.

ಆಮೇಲಿನ ದಿನಗಳು ಒಂದರಂತೆ ಒಂದಿದ್ದವು. ವಿಚಾರಣೆ ಮುಗಿಯುವವರೆಗೆ ಡಾಕ್ಟರುಗಳನ್ನು ಭೇಟಿ ಮಾಡಕೂಡದು ಎಂದು ಕಂಪನಿಯಿಂದ ಮೇಲ್ ಬಂತು. ಅದೇ ದಿನ ಇನ್ನೊಂದು ಮೇಲ್, ಬೇರೆ ವಿಭಾಗದಿಂದ: ತಮ್ಮ ಯೋಜನೆ ಅಂಗೀಕೃತವಾಗಿದೆ, ಅಭಿನಂದನೆಗಳು. ವಾಸಿಫ್ ಎರಡನ್ನೂ ಓದಿ ಮಲಗಿದ. ಹಗಲು ಮಲಗಿದರೆ ಬೀದಿಯ ಸದ್ದೆಲ್ಲ ಮೈಮೇಲೆ ನಡೆದಾಡಿದಂತಾಗುತ್ತಿತ್ತು. ಬೆಂಗಳೂರಿನಲ್ಲಿ ಡ್ರಿಪ್ ಹಾಕಿ ನಾಹಿದಾಳ ಕವಾಟದ ಮೇಲಿನ ಹೆಪ್ಪನ್ನು ಕರಗಿಸಿದರಂತೆ; ಕರಗುವಾಗ ಒಂದು ಚೂರು ಮಿದುಳಿಗೆ ಹೋಗಿ ಬಲಗೈ ಬಿದ್ದುಹೋಗಿದೆಯಂತೆ. ಜೀವಕ್ಕೆ ಭಯವಿಲ್ಲ, ಕೈ ಬರಬಹುದು, ಬರದೆಯೂ ಇರಬಹುದು. ಇದನ್ನು ಬಾಷಾ ಸಾಬ್ ಬಂದು ಹೇಳಿ ಹೋದ. ಸಕ್ಕರೆ ಕಾಯಿಲೆಯ ರಿಪೋರ್ಟನ್ನು ಈ ಸಲವೂ ತಂದಿದ್ದ, ಕೈಯಲ್ಲಿ ಸುರುಳಿ ಸುತ್ತಿಕೊಂಡು, ತೋರಿಸದೆ ಹೋದ. ಅಮ್ಮಿ ರೊಟ್ಟಿ ಬೇಯಿಸುತ್ತ ಬೆನ್ನು ಹಾಕಿಯೇ ಕೇಳಿದಳು. 'ನೀನು ಫೋನಲ್ಲಿ ಹೇಳ್ತಿದ್ದ ಮಾತು ಸುಳ್ಳಾ ಬೇಟಾ?'

'ಸುಳ್ಳಲ್ಲ ಅಮ್ಮಿ. ನಾನು ಹೇಳ್ತಿದ್ದ ಕಾಯಿಲೆ ಬೇರೆ, ಅವಳದ್ದು ಬೇರೆ.'

'ಅಷ್ಟು ಮಾತ್ನ ಅವತ್ತೇ ಅಂದಿದ್ರೆ ಆಗೋಗ್ತಿತ್ತಲ್ಲ.'

ಬೈಯುವ ದನಿಯಲ್ಲ, ಉಪ್ಪು ಹಾಕುವುದು ಮರೆತೆಯಲ್ಲ ಎನ್ನುವಷ್ಟೇ ದನಿ. ಅವಳು ರೊಟ್ಟಿ ತಿರುವಿ ಹಾಕಿದಳು.

ಮುಬಶ್ಶಿರ್‌ನ ಫೋನ್ ಬಂದಾಗ ಅವನು ಎತ್ತಲೋ ಬೇಡವೋ ಎಂದು ನೋಡುತ್ತ ಕೂತ. ಬೈಗುಳಕ್ಕೆ ತಯಾರಾಗಿ, ಅದು ಬೇಕು ಎಂದೇ ಅಂದುಕೊಂಡು ಎತ್ತಿದ. ಆಸ್ಪತ್ರೆಯ ಗದ್ದಲ ಕೇಳಿಸಿತು. 'ಭಾಯಿ, ಇವತ್ತು ಮನೆಗೆ ಕಳಿಸ್ತಾವ್ರೆ. ಮಾತ್ರೆ ಬರ್ದುಕೊಟ್ಟವ್ರೆ, ಹಳೇದೇ, ಲೆಕ್ಕ ಬೇರೆ. ನೀವೊಂದ್ಸಲ ನೋಡಿ ಹೇಳಿ, ಆಮೇಲೆ ಕೊಡ್ತೀನಿ.'

'ನಾನು ಡಾಕ್ಟರಲ್ಲ ಮುಬಶ್ಶಿರ್!' ಅವನು ಕೂಗಿಯೇಬಿಟ್ಟ. ಒಳಗೆ ಪಾತ್ರೆಯ ಸದ್ದು ನಿಂತಿತು. 'ನಿನಗೆ ಇನ್ನೂ ಅರ್ಥ ಆಗಿಲ್ವಾ? ನಾನು ಯಾವ ಡಾಕ್ಟರೂ ಅಲ್ಲ.'

'ಗೊತ್ತು ಭಾಯಿ,' ಎಂದ ಮುಬಶ್ಶಿರ್, ತಾಳ್ಮೆಯಿಂದ. 'ಅವತ್ತೇ ಗೊತ್ತಾಯ್ತು. ಆದ್ರೆ ಇಲ್ಲಿ ಯಾರನ್ನ ಕೇಳಾನ? ಅವರು ಬಿರಬಿರನೆ ಹೇಳಿ ಹೋಗ್ಬುಡ್ತಾರೆ. ನೀವಾದ್ರೆ ಅರ್ಧ ದಾರಿಯಿಂದ ತಿರುಗಿ ಬಂದೋರು.'

ಮುಬಶ್ಶಿರ್ ಕ್ಷಮಿಸಿದ್ದರೆ ವಾಸಿಫ್ ತಲೆ ತಗ್ಗಿಸಬಹುದಿತ್ತು. ಇವನು ಕ್ಷಮಿಸಿಯೂ ಇರಲಿಲ್ಲ, ಹಾಗೆಯೇ ನಂಬಿಕೊಂಡಿದ್ದ. ಡಾಕ್ಟರನ್ನೇ ಕೇಳಿ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದು ಸರಿಯಾದ ವಾಕ್ಯವೇ. ಆ ಕಡೆ ಯಾರೋ ಯಾರ ಹೆಸರನ್ನೋ ಕೂಗುತ್ತಿದ್ದರು, ಮುಬಶ್ಶಿರ್ ಕಾಯುತ್ತಿದ್ದ.

'ಚೀಟಿ ಕೈಲಿದೆಯಾ?' ಎಂದು ಕೊನೆಗೆ ಕೇಳಿದ.

'ಐತೆ ಭಾಯಿ.'

'ಅದನ್ನ ಹಿಡ್ಕೊಂಡು ವಾಪಸ್ ಆ ಡಾಕ್ಟರ ಬಾಗಿಲಿಗೆ ಹೋಗು. ಫೋನ್ ಇಡಬೇಡ. ಅವರು ಏನು ಹೇಳಿದ್ರೂ ನಿಧಾನಕ್ಕೆ ಹೇಳಿ ಸಾರ್ ಅಂತ ಕೇಳು. ನಿನಗೆ ತಿಳೀದೇ ಇದ್ದದ್ದನ್ನ ನಾನು ಕೇಳ್ತೀನಿ.'

'ಬೈತಾರೆ ಭಾಯಿ.'

'ಬೈಲಿ. ಬೈದು ಮುಗಿಸೋವರೆಗೂ ನಿಂತ್ಕೋ. ನಾನೂ ನಿಂತಿದೀನಿ.'

ಮುಬಶ್ಶಿರ್ ನಡೆಯತೊಡಗಿದ. ಅವನ ಚಪ್ಪಲಿಯ ಸದ್ದು, ಟ್ರಾಲಿ ಉರುಳುವ ಸದ್ದು, ಹಿಂದೆ ಎಲ್ಲೋ ನಾಹಿದಾ ಏನಾಯ್ತು ಎಂದು ಕೇಳುವುದು, ಬಾಗಿಲು ತೆರೆದದ್ದು, 'ಮತ್ತೇನ್ರೀ ನಿಮ್ದು?' ಎಂಬ ಹೆಂಗಸಿನ ಗದರಿಕೆ, ಅದಕ್ಕೆ ಮುಬಶ್ಶಿರ್ ತಡವರಿಸಿದ್ದು. ವಾಸಿಫ್ ಹಜಾರದ ಮಧ್ಯದಲ್ಲಿ ಎದ್ದು ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು, ಒಂದೊಂದನ್ನೂ ಕೇಳಿಸಿಕೊಂಡ.